ಕುರಿ ತಿಂದವರು

ಕೊಟ್ಟಿಗೆಯಲ್ಲಿದ್ದ ಕುರಿಗಳಲ್ಲಿ ಯಾವುದನ್ನು ಒಯ್ಯಬೇಕೆಂದು ಶಿಂಕೈ ಎರಡು ಸಲ ಯೋಚಿಸಲಿಲ್ಲ. ಬಾಲದ ತುಂಬ ಕೊಬ್ಬು ಹೊತ್ತ ಕಂದು ಟಗರನ್ನು ಹೊರಗೆಳೆದು, ಕಾಲುವೆಯ ತಣ್ಣೀರಿನಲ್ಲಿ ಉಜ್ಜಿ ತೊಳೆದು, ಅದರ ಕೊರಳಿಗೆ ತನ್ನ ಮದುವೆ ಕಾಲದ ಕೆಂಪು ಬಟ್ಟೆಯ ಚೂರೊಂದನ್ನು ಕಟ್ಟಿದಳು. ಬೇಡಲು ಹೋಗುವವರು ಬಡಕಲು ಕುರಿ ಒಯ್ದರೆ ಬೇಡಿಕೆಯೂ ಬಡಕಲಾಗಿ ಕಾಣುತ್ತದೆ. ಈ ಮಾತು ಅವಳ ಅತ್ತೆ ಹೇಳಿದ್ದು. ಪಾಪ, ಅತ್ತೆಗೆ ಈ ವಿಷಯದಲ್ಲಿ ಅನುಭವವಿತ್ತು.

ಅಂಗಳದ ಹಿಪ್ಪುನೇರಳೆ ಮರದ ಕೆಳಗೆ ಹಗ್ಗದ ಮಂಚದ ಮೇಲೆ ಮೈದುನ ಬಾದಾಮ್ ಗುಲ್ ಒರಗಿಕೊಂಡಿದ್ದ. ಅವನ ಎಡಗಾಲು ಮೊಣಕಾಲಿನಿಂದ ಕೆಳಗೆ ಇಲ್ಲ. ರಷ್ಯನ್ನರು, ಅಂದರೆ ಈ ಕಣಿವೆಯವರ ಬಾಯಲ್ಲಿ ಶೂರವಿಗಳು, ಹೊಲದಲ್ಲಿ ಹುಗಿದುಹೋದ ಸಿಡಿಗುಂಡಿನ ಕೆಲಸ ಅದು. ಈಗ ಆ ಜಾಗದಲ್ಲಿರುವ ಪ್ಲಾಸ್ಟಿಕ್ ಕಾಲು ಅಮೆರಿಕದವರು ಕೊಡಿಸಿದ್ದು. "ಅವರು ಕಾಲು ತಗೊಂಡ್ರು, ಇವರು ಕಾಲು ಕೊಟ್ರು, ನಡುವೆ ನಾನೊಬ್ಬ ಕುಂಟಿದೆ" ಎಂದು ಸಿಕ್ಕಿದವರಿಗೆಲ್ಲ ಹೇಳುವುದು ಅವನ ಅಭ್ಯಾಸ.

"ದಿಬ್ಬಣ ಎಲ್ಲಿಗೆ ಹೊರಡ್ತು ಅತ್ತಿಗೆ?" ಎಂದು ಅವನು ಕೇಳಿದ.

"ಗುಡ್ಡಕ್ಕೆ."

ಅವನ ನಗು ಅಲ್ಲೇ ನಿಂತಿತು. ಗುಡ್ಡವೆಂದರೆ ಕಣಿವೆಯ ಬಾಯಿಗೆ ಕಾವಲು ಕೂತ ಬೋಳುಗುಡ್ಡ. ಒಂದು ಕಾಲದಲ್ಲಿ ಶೂರವಿಗಳ ಠಾಣ್ಯ ಅದರ ಮೇಲಿತ್ತು. ಅವರು ಹೋದ ಮೇಲೆ ಕತ್ತೆಗಳು ಮೇಯುತ್ತಿದ್ದವು. ಈಗ ಅಮೆರಿಕದವರ ಠಾಣ್ಯ. ಜಗತ್ತಿನ ಯಾವ ಮೂಲೆಯಿಂದ ಸೈನ್ಯ ಬಂದರೂ ಜರ್ಗೂನ್ ಕಲಾ ಊರಿನಲ್ಲಿ ಅದಕ್ಕೆ ಕಣ್ಣಿಗೆ ಬೀಳುವುದು ಆ ಗುಡ್ಡವೊಂದೇ.

"ನನವಾತೈ ಮಾಡೋಕೆ ಹೊರಟಿದ್ದೀಯಾ?"

"ಹೂಂ."

"ಅದು ತಪ್ಪು ಮಾಡಿದವರು ಮಾಡೋದು. ನಮ್ಮ ಜನಾನ್ ಏನು ತಪ್ಪು ಮಾಡಿದ್ದಾನೆ ಹೇಳು ನೋಡೋಣ."

"ಏನೂ ಇಲ್ಲ."

"ಮತ್ತೆ ನೀನು ಕುರಿ ಹಿಡ್ಕೊಂಡು ಅವರ ಬಾಗಿಲಿಗೆ ಹೋದ್ರೆ, ಮಾಡಿದ್ದಾನೆ ಅಂತ ನೀನೇ ಒಪ್ಕೊಂಡ ಹಾಗಾಯ್ತಲ್ಲ."

"ಒಪ್ಕೋತೀನಿ. ಬೇಕಾದ್ರೆ ನಾನೇ ಮಾಡಿದೆ ಅಂತೀನಿ. ನನಗೆ ಮಗ ಬೇಕು ಬಾದಾಮ್, ನ್ಯಾಯ ಕಟ್ಕೊಂಡು ಏನಾಗ್ಬೇಕು."

ಬಾದಾಮ್ ಗುಲ್ ಪ್ಲಾಸ್ಟಿಕ್ ಕಾಲಿಗಾಗಿ ತಡಕಾಡಿದ. ಕುರಾನನ್ನು ಯಾರಾದರೂ ಹೊರಬೇಕಲ್ಲ.

ನನವಾತೈ ಎಂದರೆ ಹಗೆಯ ಹೊಸ್ತಿಲು ತುಳಿದು, ನಿನ್ನ ಕಾಲಬಳಿಗೆ ಬಂದಿದ್ದೇನೆ ಎನ್ನುವುದು. ಮುಂದೆ ಕುರಿ, ತಲೆಯ ಮೇಲೆ ಕುರಾನು, ಹಿಂದೆ ತಲೆಯ ಮುಸುಕು ತೆಗೆದ ಹೆಂಗಸು. ಇಷ್ಟಾದ ಮೇಲೆ ಎಂಥ ಕಡುವೈರಿಯೂ ಇಲ್ಲವೆನ್ನುವಂತಿಲ್ಲ. ಅವನು ಕುರಿ ಕೊಯ್ದು ಉಂಡನೆಂದರೆ ಕೇಳಿದ್ದನ್ನು ಕೊಟ್ಟ ಹಾಗೆಯೇ. ಉಂಡವನೊಬ್ಬನೇ ಅಲ್ಲ, ಅವನ ಇಡೀ ಕುಲ ಆ ತುತ್ತಿಗೆ ಕಟ್ಟುಬೀಳುತ್ತದೆ. ಈ ಕಣಿವೆಯಲ್ಲಿ ಸರಕಾರಗಳು ಬಂದಿವೆ, ಹೋಗಿವೆ. ಈ ಕಟ್ಟಳೆಯನ್ನು ಮಾತ್ರ ಯಾರೂ ಮುರಿದಿಲ್ಲ.

ಜನಾನ್‌ನನ್ನು ಹಿಡಿದೊಯ್ದು ತಿಂಗಳಾಗುತ್ತ ಬಂದಿತ್ತು. ಅವನು ಮಾಡಿದ್ದಿಷ್ಟೇ. ಒಂದು ಸಂಜೆ ಬಂದೂಕು ಹೊತ್ತವರು ಕೆಲವರು ಬೆಟ್ಟದಿಂದಿಳಿದು ಬಂದು ಹುಜ್ರಾದ, ಅಂದರೆ ಹೊರಗಿನ ಅತಿಥಿಮನೆಯ, ಬಾಗಿಲು ತಟ್ಟಿದರು. ಹಸಿದವರು. ಜನಾನ್ ರೊಟ್ಟಿ, ಮಜ್ಜಿಗೆ ಕೊಟ್ಟ. ಬಂದೂಕು ಹೊತ್ತವನಿಗೆ ಊಟವಿಲ್ಲ ಎನ್ನುವ ಧೈರ್ಯ ಯಾರಿಗಿದೆ? ಹೊತ್ತಿಲ್ಲದವನಿಗೂ ಇಲ್ಲವೆನ್ನುವುದು ಈ ಊರಿನಲ್ಲಿ ಗೊತ್ತಿಲ್ಲ. ಯಾರೋ ಹೋಗಿ ಕಿವಿ ಊದಿದರು. ಹೆಲಿಕಾಪ್ಟರಿನಲ್ಲಿ ಆಕಾಶದಿಂದ ಇಳಿದವರು ಬಾಗಿಲು ಒಡೆದು, ಜನಾನ್‌ನ ತಲೆಗೆ ಚೀಲ ಹಾಕಿ, ಆಕಾಶಕ್ಕೇ ಎತ್ತಿಕೊಂಡು ಹೋದರು. ಮಾರನೆಯ ದಿನ ಗುಡ್ಡದವರು ಬಂದು, ಮುರಿದ ಬಾಗಿಲಿಗೆ ಬದಲಾಗಿ ಹೊಸ ಬಾಗಿಲು ಕೊಡುವುದಾಗಿ ಹೇಳಿಹೋದರು. ಜನಾನ್‌ನ ಹೆಂಡತಿ ಮರ್ಜಾನ ಮದುವೆಯಾಗಿ ಬಂದು ಒಂದು ಚಳಿಗಾಲ ಕಳೆದಿತ್ತು ಅಷ್ಟೆ. ಅವಳು ಅವತ್ತಿನಿಂದ ಆ ಬಾಗಿಲಿಲ್ಲದ ಬಾಗಿಲಿನ ಪಕ್ಕದಲ್ಲೇ ಕೂರುತ್ತಿದ್ದಳು.

ಶಿಂಕೈಗೆ ಗುಡ್ಡದ ದಾರಿ ಹೊಸದಲ್ಲ. ಜನಾನ್ ಇನ್ನೂ ಹೊಟ್ಟೆಯಲ್ಲಿದ್ದಾಗ ಶೂರವಿಗಳು ಅವಳ ಗಂಡ ರೋಖಾನ್‌ನನ್ನು ಗೋಧಿ ಕಣದಿಂದ ಎಳೆದುಕೊಂಡು ಹೋದರು. ಆಗಲೂ ಹೀಗೇ ಒಂದು ಟಗರು. ಅತ್ತೆ ಮುಂದೆ, ಬಸುರಿ ಶಿಂಕೈ ಹಿಂದೆ. ಚಿನ್ನದ ಹಲ್ಲಿನ ಅಧಿಕಾರಿಯೊಬ್ಬ ಹೊರಬಂದು ನೋಡಿದ. ಅತ್ತೆ ಮುಸುಕು ತೆಗೆದು ಅವನ ಬೂಟಿನ ಮೇಲೆ ಹಾಕಿದಳು. ಅವನು ಏನೋ ಅಂದ. ಸೈನಿಕರು ಕುರಿಯನ್ನು ಅಲ್ಲೇ ಕೆಡವಿ, ಬಿಸ್ಮಿಲ್ಲಾ ಇಲ್ಲ ಏನಿಲ್ಲ, ಕೊಯ್ದು ಸುಟ್ಟು ತಿಂದರು. ಕೆಲವು ದಿನಗಳ ಮೇಲೆ ಲಾರಿಯೊಂದು ಮಸೀದಿಯ ಮುಂದೆ ನಿಂತು ಕಂಬಳಿಯ ಸುರುಳಿಯೊಂದನ್ನು ಕೆಳಗಿಳಿಸಿ ಹೋಯಿತು. ಒಳಗೆ ರೋಖಾನ್ ಇದ್ದ. ಉಸಿರಿರಲಿಲ್ಲ.

"ಕಾಫಿರರಾದ್ರೂ ಉಪ್ಪಿನ ಋಣ ಇಟ್ಕೊಳ್ಳಲಿಲ್ಲ" ಎಂದು ಊರ ಹಿರಿಯರು ತೀರ್ಪು ಕೊಟ್ಟರು. "ತಿಂದ್ರು, ಕೊಟ್ರು." ಬದುಕಿದವನನ್ನು ಕೇಳಿದ್ದೆವು ಎಂದು ಅತ್ತೆ ಹೇಳಲಿಲ್ಲ. ಪಕ್ಕದ ಊರುಗಳಲ್ಲಿ ಅಷ್ಟೂ ಸಿಕ್ಕಿರಲಿಲ್ಲ.

ಇವತ್ತು ಗುಡ್ಡದ ಬಾಗಿಲಲ್ಲಿ ಕುರಿಯನ್ನು ದೂರ ನಿಲ್ಲಿಸಲು ಕೂಗಿ ಹೇಳಿದರು. ಒಂದು ನಾಯಿ ಬಂದು ಟಗರನ್ನು ಸುತ್ತಲೂ ಮೂಸಿತು. ಟಗರು ತಾಳುವಷ್ಟು ತಾಳಿ ಒಂದು ಗುದ್ದು ಕೊಟ್ಟಿತು. ಮೇಲಿದ್ದವರು ನಕ್ಕರು. ಶಿಂಕೈ ತಲೆಯ ಮುಸುಕು ತೆಗೆದು ನೆಲಕ್ಕೆ ಹಾಕಿ ನಿಂತಳು. ಮೈ ತಪಾಸಣೆಗೆ ತಾನಾಗಿಯೇ ಒಪ್ಪಿದಳೆಂದು ಅವರು ತಿಳಿದಿರಬೇಕು. ಒಳಗಿನಿಂದ ಸೈನಿಕ ಹುಡುಗಿಯೊಬ್ಬಳು ಬಂದು, ಬಹಳ ಮರ್ಯಾದೆಯಿಂದ, ಅವಳ ಕಂಕುಳು, ಸೊಂಟ, ಕಾಲು ಎಲ್ಲ ಸವರಿ ನೋಡಿ, ಮುಸುಕನ್ನು ಧೂಳು ಕೊಡವಿ ಮತ್ತೆ ಅವಳ ತಲೆಯ ಮೇಲೆ ಹೊದಿಸಿದಳು. ಆ ಮುಸುಕು ಬೀಳುವುದೇ ಬೇಡಿಕೆ. ಶಿಂಕೈ ಅದನ್ನು ಮತ್ತೊಮ್ಮೆ ತೆಗೆದು ಹಾಕಿದಳು. ಹುಡುಗಿ ಮತ್ತೊಮ್ಮೆ ಹೊದಿಸಿ ಹೋದಳು. ಶಿಂಕೈ ಮೂರನೆಯ ಸಲವೂ ತೆಗೆದಳು.

ಕೊನೆಗೆ ಕಪ್ತಾನ ಬಂದ. ಕೆಂಪು ಗಡ್ಡ, ಬಿಸಿಲಿಗೆ ಸಿಪ್ಪೆ ಎದ್ದ ಮೂಗು, ಜನಾನ್‌ನಿಗಿಂತ ನಾಲ್ಕಾರು ವರ್ಷ ದೊಡ್ಡವನಿರಬಹುದು. ಜೊತೆಗೆ ದುಭಾಷಿ ಹಿಕ್ಮತ್. ಅವನು ಲಗ್ಮಾನಿನವನು. ಲಗ್ಮಾನಿನವರು ಸೈತಾನನಿಗೇ ಟೋಪಿ ಹಾಕುವವರೆಂದು ಪ್ರತೀತಿ. ಆದರೂ ಇವರ ಹಾಗೇ ಪಶ್ತೂನನೇ. ಕುರಿ, ಕುರಾನು, ಬರಿದಲೆಯ ಹೆಂಗಸು, ಮೂರನ್ನೂ ಒಟ್ಟಿಗೆ ನೋಡಿದ್ದೇ ಅವನ ಮುಖ ಬಿಳುಚಿತು. ಅವನು ನೆಲ ನೋಡಿಕೊಂಡು ಕಪ್ತಾನನಿಗೆ ಬಹಳ ಹೊತ್ತು ವಿವರಿಸಿದ.

"ಈ ಪದ್ಧತಿ ನನಗೆ ಗೊತ್ತು ಅಂತಿದ್ದಾರೆ ತಾಯಿ" ಎಂದ ಹಿಕ್ಮತ್. "ಪುಸ್ತಕದಲ್ಲಿ ಓದಿದ್ದಾರಂತೆ. ನಿಮ್ಮ ಮಗ ತಪ್ಪು ಮಾಡಿದ್ದು ನಿಜಾನಾ ಅಂತ ಕೇಳ್ತಿದ್ದಾರೆ."

"ಇಲ್ಲ."

"ಹಾಗಾದ್ರೆ ಕ್ಷಮೆ ಯಾತಕ್ಕೆ ಅಂತಾರೆ."

ಬಾದಾಮ್ ಗುಲ್ ಮಗ್ಗುಲಿನಿಂದ 'ನಾನು ಹೇಳಿರಲಿಲ್ವಾ' ಎಂಬಂತೆ ಕೆಮ್ಮಿದ.

"ಯಾತಕ್ಕೋ ನನಗೇನು ಗೊತ್ತಪ್ಪ" ಎಂದಳು ಶಿಂಕೈ. "ಅವರಿಗೆ ಕೋಪ ಬಂದಿದೆ. ಅದಕ್ಕೆ."

ಕಪ್ತಾನ ಒಳ್ಳೆಯವನು. ಅದೇ ಕಷ್ಟ. ಕೆಟ್ಟವನಾಗಿದ್ದರೆ ಕಾಲಿಗೆ ಬೀಳಬಹುದಿತ್ತು, ಶಾಪ ಹಾಕಬಹುದಿತ್ತು. ಇವನು ಮಂಡಿಯೂರಿ ಕೂತು, ಅವಳ ಕಣ್ಣಿನ ಮಟ್ಟಕ್ಕೆ ತನ್ನ ಕಣ್ಣು ತಂದು ಮಾತಾಡಿದ. ಜನಾನ್‌ನನ್ನು ಹಿಡಿದವರು ತನ್ನ ಜನ ಅಲ್ಲ, ಅವರು ಬೇರೆ, ಅವರು ಬರುವುದು ಹೋಗುವುದು ತನಗೂ ಹೇಳುವುದಿಲ್ಲ, ಹುಡುಗ ಎಲ್ಲಿದ್ದಾನೆಂದು ತಾನು ಕೇಳಿದರೆ ತನಗೂ ಉತ್ತರ ಬರಲಿಲ್ಲ ಎಂದ. ಇಷ್ಟನ್ನೂ ಹೇಳಿ ಎದೆಯ ಮೇಲೆ ಕೈಯಿಟ್ಟುಕೊಂಡ. ಕುರಿ ಮಾತ್ರ ಬೇಡ, ಉಡುಗೊರೆ ತೆಗೆದುಕೊಳ್ಳುವುದು ತಮ್ಮ ಕಾನೂನಿನಲ್ಲಿಲ್ಲ ಎಂದ.

"ಶೂರವಿಗಳ ಕಾಲದಲ್ಲಿ ಯಾರು ಹೊಡೀತಿದ್ದಾನೆ ಅಂತಾದ್ರೂ ಗೊತ್ತಾಗ್ತಿತ್ತು" ಎಂದು ಬಾದಾಮ್ ಗುಲ್ ಗೊಣಗಿದ. ಹಿಕ್ಮತ್ ಅದನ್ನು ಅನುವಾದಿಸಲಿಲ್ಲ.

ಶಿಂಕೈ ಟಗರಿನ ಹಗ್ಗವನ್ನು ಮುಳ್ಳುತಂತಿಯ ಕಂಬಕ್ಕೆ ಕಟ್ಟಿ, ಹಿಂದಿರುಗಿ ನೋಡದೆ ಇಳಿದುಬಂದಳು. ಬಿಟ್ಟು ಬಂದದ್ದನ್ನು ಅವರು ತಿನ್ನಲೇಬೇಕಾಗುತ್ತದೆ, ಇಷ್ಟು ಜನ ಗಂಡಸರು ಎಷ್ಟು ದಿನ ಡಬ್ಬಿಯ ಅನ್ನ ತಿಂದಾರು ಎಂಬುದು ಅವಳ ಲೆಕ್ಕ. ಆ ರಾತ್ರಿ ಕುರಿ ಮನೆಗೆ ಬರಲಿಲ್ಲ. ಮರ್ಜಾನ ಎಷ್ಟೋ ದಿನದ ಮೇಲೆ ತಲೆ ಬಾಚಿಕೊಂಡಳು.

ಮಾರನೆಯ ಮಧ್ಯಾಹ್ನ ಮನೆಯಷ್ಟು ಎತ್ತರದ ಉಕ್ಕಿನ ಗಾಡಿಯೊಂದು ಊರೊಳಗೆ ಬಂತು. ಹಿಂಬಾಗಿಲು ತೆರೆಯಿತು. ಟಗರು ಇಳಿಯಿತು. ಅದರ ಉಣ್ಣೆ ಕತ್ತರಿಸಿ ಒಪ್ಪ ಮಾಡಿದ್ದರು, ಗೊರಸಿನ ಹುಣ್ಣಿಗೆ ನೇರಳೆ ಬಣ್ಣದ ಔಷಧಿ ಹಚ್ಚಿದ್ದರು, ಕಿವಿಗೆ ಹಳದಿ ಪ್ಲಾಸ್ಟಿಕ್ ಬಿಲ್ಲೆ ಚುಚ್ಚಿದ್ದರು. ಪಶುವೈದ್ಯರು ಬಂದಿದ್ದರಂತೆ. ಹೊಟ್ಟೆಹುಳುವಿಗೂ ರೋಗಕ್ಕೂ ಸೂಜಿ ಹಾಕಿದೆ, ಇನ್ನು ಯೋಚನೆಯಿಲ್ಲ ಎಂದು ಕಪ್ತಾನ ಹೇಳಿಕಳಿಸಿದ್ದ.

ಬೀದಿಯಲ್ಲಿ ನಿಂತ ಗಂಡಸರು ಮುಖ ತಿರುಗಿಸಿಕೊಂಡರು. ನನವಾತೈಯ ಕುರಿ ಹಿಂದಕ್ಕೆ ಬಂತೆಂದರೆ ಆ ಮನೆಯವರು ಮನುಷ್ಯರ ಲೆಕ್ಕಕ್ಕೇ ಇಲ್ಲವೆಂದು ಊರ ನಡುವೆ ಸಾರಿದ ಹಾಗೆ. ಈ ಕಣಿವೆಯಲ್ಲಿ ಇಂಥದ್ದನ್ನು ಯಾರೂ ಕಂಡಿರಲಿಲ್ಲ. ಶೂರವಿಗಳೂ ಮಾಡಿರಲಿಲ್ಲ.

"ನೋಡು, ಕುರಿಗೆ ಬಿಡುಗಡೆ ಆಯ್ತು" ಎಂದ ಬಾದಾಮ್ ಗುಲ್. ಯಾರೂ ನಗಲಿಲ್ಲ, ಅವನೂ ನಗಲಿಲ್ಲ. ಮರ್ಜಾನ ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು. ಶಿಂಕೈಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಕೈಕಾಲು ಕಟ್ಟಿ ಹೊಳೆಗೆ ಎಸೆದು, ಜೊತೆಗೆ ಈಜಲು ಒಳ್ಳೊಳ್ಳೆಯ ಸಲಹೆಯನ್ನೂ ಕೂಗುತ್ತಿದ್ದಾರೆ ಅನ್ನಿಸಿತು. ಟಗರನ್ನು ಕೊಟ್ಟಿಗೆಗೆ ಕಟ್ಟಿದಳು. ಬೇಡಿಕೆಯ ಕುರಿಯನ್ನು ಮನೆಯವರು ತಿನ್ನುವಂತಿಲ್ಲ, ಮಾರುವಂತಿಲ್ಲ. ಉಗುಳಲೂ ಆಗದ ನುಂಗಲೂ ಆಗದ ಬಿಸಿತುಪ್ಪದಂತೆ ಅದು ಅಲ್ಲೇ ಮೇದುಕೊಂಡು ಕೊಬ್ಬತೊಡಗಿತು.

ಜೋಳದ ತೆನೆ ಮುರಿಯುವ ಹೊತ್ತಿಗೆ ಕಪ್ತಾನ ಇನ್ನೊಬ್ಬನನ್ನು ಕರೆತರುತ್ತಾನೆಂದು ಸುದ್ದಿ ಬಂತು. ಅವನ ಬಳಿ ಬಂದೂಕಿಲ್ಲ, ಕನ್ನಡಕವಿದೆ. ಅಮೆರಿಕದಲ್ಲಿ ಸೈನ್ಯದವರಿಗೆ ಪಾಠ ಹೇಳುವವನಂತೆ. ಶೂರವಿಗಳು ಇಲ್ಲಿ ಹೇಗೆ ಯುದ್ಧ ಮಾಡಿದರು, ತಾವು ಹೇಗೆ ಮಾಡುತ್ತಿದ್ದೇವೆ, ಜನ ಯಾರಿಗೆ ಹೆಚ್ಚು ಒಲಿದರು ಎಂದು ಹೋಲಿಸಿ ನೋಡಲು ಊರೂರು ಸುತ್ತುತ್ತಿದ್ದಾನಂತೆ.

"ನಮ್ಮನ್ನ ಕೇಳ್ತಾರಂತೆ" ಎಂದ ಬಾದಾಮ್ ಗುಲ್. "ಕುರೀನ ಕೇಳಿ ಮಸಾಲೆ ಅರೆಯೋ ಕಾಲ ಬಂತಲ್ಲಪ್ಪ."

ಆಮೇಲೆ ದನಿ ತಗ್ಗಿಸಿ ಅತ್ತಿಗೆಗೆ ಹೇಳಿಕೊಟ್ಟ: "ನೋಡು, ಆ ಮನುಷ್ಯ ಕಪ್ತಾನನಿಗಿಂತ ಮೇಲಿನವನು. ನಿನ್ನ ಬಾಯಿಂದ ಕೇಳೋಕೆ ಬರ್ತಿದ್ದಾನೆ. ನಾಲಿಗೆಗೆ ಎಲುಬಿಲ್ಲ, ಹೊರಳಿಸು. ಇವರೇ ಮೇಲು ಅನ್ನು. ಹೊಗಳಿಸ್ಕೊಂಡವನ ಕೈ ಸಡಿಲ ಆಗುತ್ತೆ."

ಹುಜ್ರಾದಲ್ಲಿ ಹಿರಿಯರೆಲ್ಲ ಗೋಡೆಗೊರಗಿ ಕೂತರು. ಹಸಿರು ಚಹಾ ಬಂತು, ಸಕ್ಕರೆ ಹಚ್ಚಿದ ಬಾದಾಮಿ ಬಂತು. ಕನ್ನಡಕದವನು ಎಲ್ಲರಿಗೂ ಬಗ್ಗಿ ಸಲಾಂ ಮಾಡಿದ. ಪ್ರಶ್ನೆ ಕೇಳಿದ. ಹಿಕ್ಮತ್ ಅನುವಾದಿಸಿದ.

ಒಬ್ಬ ಹಿರಿಯ, ಶೂರವಿಗಳು ಶಾಲೆ ಕಟ್ಟಿಸಿದ್ದರು ಎಂದ. ಇವರೂ ಕಟ್ಟಿಸಿದ್ದಾರೆ, ಅದೇ ಜಾಗದಲ್ಲಿ ಎಂದ ಇನ್ನೊಬ್ಬ. ಅವರ ಹೆಲಿಕಾಪ್ಟರು ನೋಡಿದರೆ ಓಡಿಹೋಗಲು ಹೊತ್ತು ಸಿಗುತ್ತಿತ್ತು, ಇವರದ್ದು ಕಾಣುವುದೇ ಇಲ್ಲ, ಸೊಳ್ಳೆಯ ಹಾಗೆ ಗುಂಯ್ ಅನ್ನುತ್ತದೆ ಎಂದ ಮತ್ತೊಬ್ಬ. ಬಾದಾಮ್ ಗುಲ್ ಪ್ಲಾಸ್ಟಿಕ್ ಕಾಲನ್ನು ಬಿಚ್ಚಿ ಜಮಖಾನದ ಮೇಲಿಟ್ಟು ಹೇಳಿದ:

"ಅವರು ಬಾಗಿಲು ಒಡೆದು ಒಳಗೆ ಬರ್ತಿದ್ರು ಸಾಹೇಬ್ರೆ. ಇವರೂ ಬಾಗಿಲು ಒಡೆದೇ ಬರ್ತಾರೆ. ಆದ್ರೆ ಆಮೇಲೆ ಬಂದು ಬಾಗಿಲಿನ ಅಳತೆ ತಗೊಂಡು ಹೋಗ್ತಾರೆ. ಇವರೇ ಮೇಲು."

ಕನ್ನಡಕದವನು ನಕ್ಕ. ಹೆಂಗಸರ ಮಾತೂ ತನಗೆ ಬೇಕಿತ್ತು ಎಂದ. ಊರಿನಲ್ಲಿ ಎರಡು ಸೈನ್ಯದ ಬಾಗಿಲಿಗೂ ಹೋಗಿಬಂದ ತಾಯಿಯೊಬ್ಬರು ಇದ್ದಾರೆಂದು ಕಪ್ತಾನ ಅವನಿಗೆ ಹೇಳಿದ್ದನಂತೆ.

ಶಿಂಕೈ ಬಾಗಿಲ ಬಳಿ ಬಂದು ನಿಂತಳು. ವಯಸ್ಸಾದ ವಿಧವೆಗೆ ಅಷ್ಟು ಸಲಿಗೆ ಉಂಟು. ಅವಳಿಗೆ ಹೇಳಬೇಕಾದ ಸುಳ್ಳೇನೂ ಇರಲಿಲ್ಲ. ಶೂರವಿಗಳು ಕಣಕ್ಕೆ ಬೆಂಕಿಯಿಟ್ಟದ್ದು ಅವಳ ಕಣ್ಣೆದುರಿಗೆ. ಮೇಲಿನ ಕೇರಿಯಲ್ಲಿ ಅವರು ಒಂದು ಕೋಳಿಯನ್ನೂ ಉಳಿಸಿರಲಿಲ್ಲ. ಇವರು ಹಾಗೆಲ್ಲ ಮಾಡಿಲ್ಲ. ತಕ್ಕಡಿಯಲ್ಲಿಟ್ಟು ತೂಗಿದರೆ ಇವರೇ ಮೇಲು. ಆದರೆ ಅವಳ ತಕ್ಕಡಿಯಲ್ಲಿ ಇಡಲು ಇದ್ದದ್ದು ಒಂದೇ. ಅಲ್ಲಿಂದ ಒಂದು ಗೋರಿ ಬಂದಿತ್ತು, ಗುರುವಾರ ಸಂಜೆ ಅದರ ಮೇಲಿನ ಕಸ ತೆಗೆಯುತ್ತಾಳೆ, ಅತ್ತು ಮುಗಿಸಿದ್ದಾಳೆ. ಇಲ್ಲಿಂದ ಏನು ಬಂದಿದೆ? ಒಳಗೆ ಗೋಡೆಗೆ ಮುಖ ಮಾಡಿ ಮಲಗಿರುವ ಹುಡುಗಿ ಹೆಂಡತಿಯೋ ವಿಧವೆಯೋ ಎಂದು ಯಾರು ಹೇಳಬೇಕು?

"ನೀವೇ ಮೇಲು" ಎಂದಳು. "ಅವರಿಗಿಂತ ನೀವೇ ಮೇಲು. ಬಹಳ ಮೇಲು."

ಕನ್ನಡಕದವನು ತಲೆಯಾಡಿಸಿದ. ಅವನಿಗೆ ಇದು ಎಲ್ಲ ಊರಲ್ಲೂ ಸಿಗುವ ಉತ್ತರವಿರಬೇಕು. "ಹಾಗಾದ್ರೆ ನಾವು ಇನ್ನೂ ಏನು ಮಾಡಿದ್ರೆ ಜನಕ್ಕೆ ನಂಬಿಕೆ ಬರುತ್ತೆ ಅಂತ ಕೇಳ್ತಿದ್ದಾರೆ ತಾಯಿ" ಎಂದ ಹಿಕ್ಮತ್.

ಬಾದಾಮ್ ಗುಲ್ ಹೇಳಿಕೊಟ್ಟದ್ದರಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಶಿಂಕೈಯ ಬಾಯಿಂದ ತಾನಾಗಿಯೇ ಬಂತು.

"ಕುರಿ ತಿನ್ನಿ."

ಅವಳು ಕಪ್ತಾನನ ಕಡೆ ತಿರುಗಿದಳು.

"ಆ ಕುರಿ ತಿನ್ನಿ ಮಗಾ. ಶೂರವಿಗಳು ತಿಂದಿದ್ರು. ಇಲ್ಲೇ ಕೂತ್ಕೊಂಡು ತಿನ್ನಿ, ನಾವೇ ಬೇಯಿಸ್ತೀವಿ. ಉಡುಗೊರೆ ಅಲ್ಲ, ಊಟ. ಊಟಕ್ಕೂ ನಿಮ್ಮಲ್ಲಿ ಕಾನೂನು ಇದೆಯಾ?"

ಹಿಕ್ಮತ್ ಕಪ್ತಾನನ ಕಡೆ ಬಾಗಿ ತಗ್ಗಿದ ದನಿಯಲ್ಲಿ, ಕೈ ಅಲ್ಲಾಡಿಸುತ್ತ, ಅವಳು ಆಡಿದ ಮಾತಿಗಿಂತ ಎಷ್ಟೋ ಉದ್ದವಾಗಿ ಹೇಳಿದ. ಕಪ್ತಾನ ಹುಬ್ಬು ಗಂಟಿಕ್ಕಿ ಕೇಳಿದ. ಕನ್ನಡಕದವನು ನಡುವೆ ಬಾಯಿ ಹಾಕಿದ. ಅತಿಥಿ ಸತ್ಕಾರವನ್ನು ತಿರಸ್ಕರಿಸುವುದೇ ತಪ್ಪು, ಅಷ್ಟಕ್ಕೂ ಊಟಕ್ಕೆ ಅಡ್ಡಿಯೇನು ಎನ್ನುವ ಹಾಗಿತ್ತು ಅವನ ಮುಖ. ಹಿಕ್ಮತ್ ಇನ್ನೊಮ್ಮೆ ಏನೋ ಹೇಳಹೋದ. ಕಪ್ತಾನ ಅವನ ಭುಜ ತಟ್ಟಿ, ಶಿಂಕೈಯ ಕಡೆ ತಿರುಗಿ, ಬಾಯಿಪಾಠ ಮಾಡಿದ್ದ ಪಶ್ತೋದಲ್ಲಿ ತಾನೇ ಹೇಳಿದ: "ಸಂತೋಷ ತಾಯಿ. ಶುಕ್ರವಾರ ಬರ್ತೀವಿ."

ಶುಕ್ರವಾರ ಬಂತು. ನಮಾಜು ಮುಗಿಸಿ ಬಂದ ಬಾದಾಮ್ ಗುಲ್ ಟಗರನ್ನು ನಮಾಜಿನ ದಿಕ್ಕಾದ ಕಿಬ್ಲಾದ ಕಡೆ ಮಲಗಿಸಿ, ಬಿಸ್ಮಿಲ್ಲಾ ಹೇಳಿ, ತಾನೇ ಕೊಯ್ದ. ಹಳದಿ ಬಿಲ್ಲೆಯಿದ್ದ ಕಿವಿಯನ್ನು ಕತ್ತರಿಸಿ ನಾಯಿಗೆಸೆದ. ನಾಯಿ ಮೂಸಿ ಬಿಟ್ಟಿತು. ಮರ್ಜಾನ ಗೋಡೆಯಿಂದ ಮುಖ ತಿರುಗಿಸಿ ಎದ್ದು, ತಾನೇ ಒಲೆಯ ಮುಂದೆ ಕೂತಳು. ಯಾರು ಬೇಡವೆಂದರೂ ಕೇಳಲಿಲ್ಲ. ನೆರೆಮನೆಯ ಹೆಂಗಸರು ಹಿಟ್ಟು ನಾದಿದರು, ತಂದೂರಿಗೆ ರೊಟ್ಟಿ ಬಡಿದರು. ಊರಿನ ಅಷ್ಟೂ ಹಿರಿಯರು ಒಗೆದ ಪಗಡಿ ಸುತ್ತಿಕೊಂಡು ಬಂದರು. ಸಾಕ್ಷಿಗೆ ಬೇಕಲ್ಲ.

ಕಪ್ತಾನ ಬಂದು ಶಿರಸ್ತ್ರಾಣ ತೆಗೆದು, ಬೂಟು ಬಿಚ್ಚಿ, ಚಕ್ಕಳಮಕ್ಕಳ ಹಾಕಿ ಕೂತ. ಅವನು ಕೂತ ಜಾಗದಲ್ಲೇ ಆ ಹಸಿದ ಬಂದೂಕಿನವರೂ ಕೂತಿದ್ದರು. ಹುಜ್ರಾದಲ್ಲಿ ಇರುವುದು ಒಂದೇ ಜಮಖಾನ. ಆ ಬದಿಗೆ ಕನ್ನಡಕದವನು, ಈ ಬದಿಗೆ ಹಿಕ್ಮತ್. ಹಾಸಿದ ಬಟ್ಟೆಯ ಮೇಲೆ ಒಬ್ಬೊಬ್ಬರ ಮುಂದೆ ಒಂದೊಂದು ರೊಟ್ಟಿ, ರೊಟ್ಟಿಯ ಮೇಲೆ ಮಾಂಸದ ದೊಡ್ಡ ತುಂಡು, ನಡುವೆ ಸಾರಿನ ಬೋಗುಣಿ. ಕೊಬ್ಬಿದ ಬಾಲದ ತುಂಡನ್ನು ಕಪ್ತಾನನ ರೊಟ್ಟಿಗೇ ಹಾಕಿದರು.

ಶಿಂಕೈ ಬಾಗಿಲಲ್ಲಿ ನಿಂತು ಅವನ ಕೈಯನ್ನೇ ನೋಡುತ್ತಿದ್ದಳು. ಕಪ್ತಾನ ಬಲಗೈಯಿಂದ ರೊಟ್ಟಿ ಮುರಿದು, ಮಾಂಸ ಹಿಡಿದು, ಬಾಯಿಗಿಟ್ಟ. ಅಗಿದ. ನುಂಗಿದ. ಹಿರಿಯರ ಸಾಲಿನಲ್ಲಿ ಅಲ್ಹಮ್ದುಲಿಲ್ಲಾ ಎಂಬ ಸದ್ದು ಹಾದುಹೋಯಿತು.

ಸುದ್ದಿ ಒಳಗೆ ಮುಟ್ಟುವುದಕ್ಕೆ ಎಷ್ಟು ಹೊತ್ತು? ಹೆಂಗಸರು ದಫ್ ಬಾರಿಸತೊಡಗಿದರು. ಯಾರೋ ಮೊದಲೇ ಗೋರಂಟಿ ಕಲಸಿಟ್ಟಿದ್ದರು. ಮರ್ಜಾನಳನ್ನು ಒಲೆಯ ಮುಂದಿನಿಂದ ಎಬ್ಬಿಸಿ, ಕೂರಿಸಿ, ಎರಡೂ ಅಂಗೈಗೆ ದಪ್ಪಗೆ ಮೆತ್ತಿದರು. ಗಂಡ ಬರುವ ಮನೆಯ ಹೆಂಗಸಿನ ಕೈ ಬೋಳಾಗಿರಬಾರದು.

ಹೊರಗೆ ಕಪ್ತಾನ ಹೊಟ್ಟೆತುಂಬ ಉಂಡ. ಕನ್ನಡಕದವನು ಎಲುಬನ್ನೂ ಚೀಪಿದ. "ಇಷ್ಟು ರುಚಿಯಾದ ಊಟ ಈ ದೇಶಕ್ಕೆ ಬಂದ ಮೇಲೆ ಮಾಡಿರಲಿಲ್ಲ ಅಂತಿದ್ದಾರೆ" ಎಂದ ಹಿಕ್ಮತ್. "ಜನಾನ್ ವಿಷಯ ಮೇಲಿನವರನ್ನ ಇನ್ನೊಮ್ಮೆ ಕೇಳ್ತಾರಂತೆ. ಹಿಮ ಬೀಳೋ ಮೊದಲು ಇವರ ಸರದಿ ಮುಗಿಯುತ್ತೆ, ಊರಿಗೆ ಹೋಗ್ತಾರೆ. ಮುಂದೆ ಬರೋವರಿಗೂ ಹೇಳಿ ಹೋಗ್ತಾರಂತೆ."

"ಉಂಡ ಮನೆಗೆ ಎರಡು ಬಗೆಯೋ ಜನ ಅಲ್ಲ ಇವರು" ಎಂದ ಅತ್ಯಂತ ಹಿರಿಯ. ಉಳಿದವರು ಹೌದೆಂದರು. ಬಾದಾಮ್ ಗುಲ್ ಕೂಡ, ಜೀವಮಾನದಲ್ಲಿ ಮೊದಲ ಸಲ, ತಮಾಷೆ ಮಾಡಲಿಲ್ಲ. ಅವನ ಕಣ್ಣು ಒದ್ದೆಯಾಗಿತ್ತು.

ಅವರು ಎದ್ದರು. ಕಪ್ತಾನ ಶಿಂಕೈಗೆ ಎದೆ ಮುಟ್ಟಿಕೊಂಡು ವಂದಿಸಿದ. ಹಿಂದೆ ಬಂದ ಹಿಕ್ಮತ್ ಅವಳ ಮುಂದೆ ಅರೆಗಳಿಗೆ ನಿಂತ. "ಹೊಟ್ಟೆ ಸರಿಯಿಲ್ಲ ತಾಯಿ, ಬೆಳಿಗ್ಗೆಯಿಂದ. ತಪ್ಪು ತಿಳ್ಕೋಬೇಡಿ" ಎಂದ. ಅವಳ ಮುಖ ನೋಡಲಿಲ್ಲ. ಉಕ್ಕಿನ ಗಾಡಿಗಳು ಧೂಳೆಬ್ಬಿಸಿ ಹೋದವು. ಹಿರಿಯರೆಲ್ಲ ಅವುಗಳ ಹಿಂದೆಯೇ ಊರ ಗಡಿಯವರೆಗೆ ಕಳಿಸಿಬರಲು ನಡೆದರು.

ಗೋರಂಟಿಯ ಕೈಯಲ್ಲಿ ಮರ್ಜಾನ ಏನನ್ನೂ ಮುಟ್ಟುವಂತಿರಲಿಲ್ಲ. ಶಿಂಕೈಯೇ ಹುಜ್ರಾದೊಳಗೆ ಹೋಗಿ ಉಂಡ ಬಟ್ಟೆಯನ್ನು ಎತ್ತತೊಡಗಿದಳು. ಕಪ್ತಾನನ ಜಾಗದಲ್ಲಿ ಬರೀ ಎಲುಬು. ಕನ್ನಡಕದವನ ಜಾಗದಲ್ಲಿ ಇನ್ನೂ ನುಣ್ಣನೆಯ ಎಲುಬು. ಹಿಕ್ಮತ್‌ನ ಜಾಗದಲ್ಲಿ ರೊಟ್ಟಿಯೊಂದು ಮಡಿಚಿಕೊಂಡಿತ್ತು. ಅವಳು ಮಡಿಕೆ ಬಿಡಿಸಿದಳು. ಮಾಂಸದ ತುಂಡು ಬಡಿಸಿದ ಹಾಗೆಯೇ ಇತ್ತು. ಕೊಬ್ಬು ಬಿಳಿಯಾಗಿ ಹೆಪ್ಪುಗಟ್ಟಿತ್ತು. ಒಂದು ಎಳೆಯನ್ನೂ ಅವನು ಮುಟ್ಟಿರಲಿಲ್ಲ.

ಶಿಂಕೈ ಅಲ್ಲೇ ಕುಕ್ಕರಿಸಿದಳು. ಉಂಡವರಿಬ್ಬರಿಗೂ ಉಂಡದ್ದು ಊಟ ಮಾತ್ರ. ತುತ್ತೆಂದರೆ ಏನೆಂದು ತಿಳಿದವನು ಅವರ ಸಾಲಿನಲ್ಲಿ ಒಬ್ಬನೇ. ಅವನು ಕೊಡಲಾರದ್ದಕ್ಕೆ ಕಟ್ಟುಬೀಳಲು ಒಪ್ಪದೆ ಹಸಿದೇ ಎದ್ದುಹೋಗಿದ್ದ. ಹೊಟ್ಟೆಯ ನೆಪ ಹೇಳಿದನೇ ಹೊರತು ತುತ್ತಿನ ಸುಳ್ಳು ಹೇಳಲಿಲ್ಲ, ಪಾಪ. ಅವತ್ತು ಕಪ್ತಾನನಿಗೆ ಕೈಯಲ್ಲಾಡಿಸಿ ಹೇಳಿದ್ದೂ ಇದನ್ನೇ ಇರಬೇಕು. ಅವಳ ಎದೆಯಲ್ಲಿ ತಿಂಗಳುಗಟ್ಟಲೆ ಹಿಡಿದಿಟ್ಟಿದ್ದದ್ದು ಸದ್ದಿಲ್ಲದೆ ಕುಸಿಯಿತು. ಜನಾನ್ ಬರುವುದಿಲ್ಲ. ಕಂಬಳಿಯಲ್ಲಿ ಸುತ್ತಿಕೊಂಡೂ ಬರುವುದಿಲ್ಲ.

ಒಳ ಅಂಗಳದಲ್ಲಿ ದಫ್ ಇನ್ನೂ ಮೊಳಗುತ್ತಿತ್ತು. ಮರ್ಜಾನಳ ಧ್ವನಿ ಕೇಳಿತು, ಎಷ್ಟೋ ದಿನಗಳ ಮೇಲೆ ಗಟ್ಟಿಯಾಗಿ: "ಅತ್ತೆ, ಎಲ್ಲಾರೂ ಉಂಡ್ರಾ?"

ಶಿಂಕೈ ಬಾಗಿಲಿಗೆ ಬೆನ್ನು ಮಾಡಿದಳು. ಹಿಕ್ಮತ್‌ನ ಪಾಲಿನ ತುಂಡನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿಗೆ ತುರುಕಿಕೊಂಡಳು. ಮನೆಯವರು ಮುಟ್ಟಬಾರದ ಮಾಂಸ ಅದು. ಬಾಯಲ್ಲಿ ಉಳಿದಿದ್ದದ್ದು ನಾಲ್ಕಾರು ಹಲ್ಲು. ಅಗಿದಳು, ಅಗಿದದ್ದು ಗಂಟಲಲ್ಲಿ ನಿಂತಿತು, ಬೋಗುಣಿಯ ತಣ್ಣಗಿನ ಸಾರು ಕುಡಿದು ಇಳಿಸಿದಳು. ಮತ್ತೆ ಕಚ್ಚಿದಳು. ಕೊಬ್ಬನ್ನೂ ಬಿಡಲಿಲ್ಲ.

"ಅತ್ತೆ?"

ಹೊಸ್ತಿಲಲ್ಲಿ ಮರ್ಜಾನ ನಿಂತಿದ್ದಳು. ಹಸಿ ಗೋರಂಟಿಯ ಎರಡೂ ಕೈಗಳನ್ನು ಏನನ್ನೂ ಮುಟ್ಟದ ಹಾಗೆ ಮುಂದೆ ಚಾಚಿಕೊಂಡಿದ್ದಳು.

ಶಿಂಕೈ ಮುಸುಕಿನ ತುದಿಯಿಂದ ಬಾಯಿ ಒರೆಸಿಕೊಂಡು, ಎಲುಬನ್ನು ಉಳಿದ ಎಲುಬುಗಳ ಜೊತೆಗೆ ಹಾಕಿದಳು.

"ಉಂಡ್ರು ಕಣೇ" ಎಂದಳು. "ಒಂದು ಚೂರೂ ಬಿಡಲಿಲ್ಲ."